ತೋಟಪ್ಪನವರ ಕಂಪ್ಯೂಟರ್ ಪುರಾಣ

ತೋಟಪ್ಪನವರ ಬಾಯಲ್ಲಿ ಯಾರೂ ಸಾಯುತ್ತಿರಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಕಾವಲುಗಾರನೊಬ್ಬ ಗುಂಡು ತಗುಲಿ, ರಕ್ತ ಕಾರಿ, ಅಂಗಾತ ಬಿದ್ದರೂ ಅವರು ಕನ್ನಡಕ ಸರಿಪಡಿಸಿಕೊಂಡು, “ಪಾಪ, ಶಿವಾಧೀನ ಆದ” ಎನ್ನುತ್ತಿದ್ದರು. ಹಳೆಯ ಬಂಗಲೆಯ ಅಟ್ಟದಿಂದ ದೆವ್ವವಿಳಿದು ಯಾರದೋ ಕುತ್ತಿಗೆಗೆ ಕೈ ಹಾಕಿದರೆ, “ಏನೋ ಮಾತಾಡಾಕ ಬಂದೈತ್ರಿ” ಎಂದು ಮುಂದಿನ ಕೋಣೆಗೆ ದಾಟಿಬಿಡುತ್ತಿದ್ದರು. ಕಡುಪಾಪಿ ಕೊಲೆಗಾರನೂ ಅವರ ಭಾಷಾಂತರದಲ್ಲಿ ಬರೀ ಸಿಟ್ಟಿನ ಮನುಷ್ಯ.

ಹುಟ್ಟಿದ್ದು ಶಿಕಾರಿಪುರ, ಬದುಕು ಕಟ್ಟಿಕೊಂಡದ್ದು ಸೊರಬದಲ್ಲಿ. ಬಸ್‌ಸ್ಟ್ಯಾಂಡಿನ ಎದುರಿನ ಮಹಡಿಯಲ್ಲಿ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್. ಏಳು ಟೈಪ್‌ರೈಟರುಗಳ ನಡುವೆ ತೊಂಬತ್ತೇಳರಲ್ಲಿ ಒಂದು ಕಂಪ್ಯೂಟರೂ ಬಂದು, ವಿಭೂತಿ ಹಚ್ಚಿಸಿಕೊಂಡು ಕೂತಿತು. ಬೂದಿಬಣ್ಣದ ಕೋಟಿನ ಎಡಜೇಬಿನಲ್ಲಿ ಇಂಗ್ಲಿಷ್-ಕನ್ನಡ ನಿಘಂಟು. ಅದರ ಭಾರಕ್ಕೆ ಕೋಟು ಎಡಕ್ಕೆ ಜಗ್ಗಿ, ಕೋಟಿನ ಜೊತೆ ಮೈಯೂ ಜಗ್ಗಿ, ಸೊರಬದ ಬೀದಿಗಳಲ್ಲಿ ಅವರು ಸದಾ ಎಡಕ್ಕೆ ವಾಲಿಕೊಂಡೇ ನಡೆಯುತ್ತಿದ್ದರು. ಬಿಚ್ಚಿಡಿ ಎಂದು ಹೆಂಡತಿ ಎಷ್ಟು ಗೋಗರೆದರೂ ಬೇಸಿಗೆಯಲ್ಲೂ ಕೋಟು ಮೈಬಿಡಲಿಲ್ಲ.

ಹರೆಯದಲ್ಲಿ ಶ್ರಾವಣದ ತಿಂಗಳು ಮಠದಲ್ಲಿ ಪುರಾಣ ಓದುತ್ತಿದ್ದವರು. ಪದ್ಯ ಓದುವುದು ಇವರು, ಅರ್ಥ ಹೇಳುವುದು ಶಾಸ್ತ್ರಿಗಳು. ಕಂಪ್ಯೂಟರ್ ಮಾರಿದವನು ಜೊತೆಗೆ ಕೊಟ್ಟ ಆಟದ ಸಿ.ಡಿ.ಗಳಲ್ಲಿ ಕೋಣೆಯಿಂದ ಕೋಣೆಗೆ ಹೋಗುತ್ತ, ಸಿಕ್ಕ ಇಂಗ್ಲಿಷ್ ಕಾಗದ ಓದುತ್ತ, ಒಂದು ಕಥೆಯನ್ನೇ ಬಿಡಿಸಬೇಕೆಂದು ತಿಳಿದಾಗ ತೋಟಪ್ಪನವರು ಎರಡೂ ಕೆಲಸ ತಾವೇ ವಹಿಸಿಕೊಂಡರು. ಮಧ್ಯಾಹ್ನ ಮೂರರಿಂದ, ಹತ್ತಿರದ ಉಳವಿ ಹಳ್ಳಿಯ ಬಸ್ಸು ಹೊರಡುವ ನಾಲ್ಕೂವರೆಯ ತನಕ, ಬಸ್ಸು ಕಾಯುವವರೇ ಶ್ರೋತೃಗಳು.

“ಮೇಷ್ಟ್ರೇ, ಇವತ್ತೆಷ್ಟು ಜನ ಶಿವಾಧೀನ?” ಎಂದು ಬಟ್ಟೆ ಅಂಗಡಿಯ ಸದಾಶಿವಪ್ಪ ಕಾಲೆಳೆಯುತ್ತಿದ್ದರು.

“ನಗ್ರಿ, ನಗ್ರಿ. ಮೆಟ್ಲು ಹತ್ತಿ ಬರೋರೆಲ್ಲ ಒಂದೊಂದು ಸಂಕಟ ಹೊತ್ಕೊಂಡೇ ಬಂದಿರ್ತಾರ. ಅದರ ಮ್ಯಾಲೆ ಇದನ್ಯಾಕ ಹೇರ್ಲಿ?”

ಅಂಥ ಸಂಕಟ ಹೊತ್ತವಳು ಉಳವಿಯ ಜಗದಾಂಬ. ಹಿಂದಿನ ಆಷಾಢದಲ್ಲಿ ಮೂರು ವರ್ಷದ ಮಗನಿಗೆ ರಾತ್ರಿ ಜ್ವರವೇರಿದಾಗ, “ಬೆಳಿಗ್ಗೆ ಮೊದಲನೇ ಬಸ್ಸಿಗೆ ಆಸ್ಪತ್ರೆಗೆ ಹೋದ್ರಾಯ್ತು” ಎಂದವಳು ಅವಳೇ. ಬಸ್ಸು ಬರುವ ಮೊದಲೇ ಮಗು ಹೋಯಿತು. ಮನೆಯಲ್ಲಿ ಯಾರೂ ದೂರಲಿಲ್ಲ. ಆದರೆ ಅವಳು ಆ ಮಾತೆತ್ತಿದರೆ ಸಾಕು, “ಹಣೆಬರಹ, ಬಿಡು” ಎಂದು ಬಾಯಿ ಮುಚ್ಚಿಸುತ್ತಿದ್ದರು. ಮನಸ್ಸು ಬೇರೆ ಕಡೆ ತಿರುಗಲಿ ಎಂದು ಗಂಡ ಈಶ್ವರ್ ಅವಳನ್ನು ಟೈಪಿಂಗಿಗೆ ಸೇರಿಸುವಾಗ, ಇಷ್ಟನ್ನೂ ತೋಟಪ್ಪನವರ ಕಿವಿಗೆ ಹಾಕಿದ್ದ.

ಆ ತಿಂಗಳ ಆಟದಲ್ಲಿ ತಾಯಿಯೊಬ್ಬಳು ಪಾಳುಬಂಗಲೆಯಲ್ಲಿ ಮಗುವನ್ನು ಹುಡುಕುತ್ತಿದ್ದಳು. ಮೂರು ವಾರ ಜಗದಾಂಬ ಹಿಂದಿನ ಬೆಂಚಿನಿಂದ ಕದಲದೆ ಕೇಳಿದಳು. ಕೊನೆಯ ಬಾಗಿಲು ತೆರೆದದ್ದು ಒಂದು ಶನಿವಾರ. ಒಳಗೆ ಸುಟ್ಟು ಕರಕಲಾದ ತೊಟ್ಟಿಲು; ಗೋಡೆಯ ಚಿತ್ರದಲ್ಲಿ ಬೀಗ ಹಿಡಿದ ಆ ತಾಯಿ; ಕೆಳಗೆ ನಾಲ್ಕು ಸಾಲು. ಓದಿದ ತೋಟಪ್ಪನವರು, ಗೊತ್ತಿಲ್ಲದ ಪದ ಒಂದೂ ಇರದಿದ್ದರೂ ನಿಘಂಟು ತೆಗೆದು ಸುಮ್ಮನೆ ಪುಟ ಮಗುಚಿದರು. ಜಗದಾಂಬಳ ಕಡೆಗೊಮ್ಮೆ ನೋಡಿದರು.

“ಗಾಳಿಗೆ ಬಾಗ್ಲು ತಾನಾಗೇ ಹಾಕ್ಕೊಂಡೈತ್ರಿ. ತಾಯಿ ಊರಾಗೇ ಇರ್ಲಿಲ್ಲ.”

“ಸುಳ್ಳು, ಮೇಷ್ಟ್ರೇ.” ಜಗದಾಂಬ ಎದ್ದು ನಿಂತಿದ್ದಳು. “ಬೀಗ ಹಾಕ್ತಾ ಇರೋದು ಅವಳೇ. ಚಿತ್ರ ನಂಗೂ ಕಾಣುತ್ತೆ. ಮನೇಲೂ ಎಲ್ರೂ ಹಿಂಗೇ ಮಾಡ್ತಾರೆ. ನೀವಾದ್ರೂ ಇದ್ದದ್ದು ಇದ್ದಂಗೆ ಹೇಳಿ.”

ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುತ್ತಾರೆ. ಇಲ್ಲಿ ಹೇಳೆಂದು ಬೇಡಿಕೊಳ್ಳುವವಳೇ ಎದ್ದು ನಿಂತಿದ್ದಳು. ತೋಟಪ್ಪನವರಿಗೆ ಅಂದಿನಷ್ಟು ಭಯ ಯಾವ ದೆವ್ವದಿಂದಲೂ ಆಗಿರಲಿಲ್ಲ. ನಿಘಂಟು ಮುಚ್ಚಿ ಜೇಬಿಗಿಟ್ಟರು.

“ಹೌದು ತಂಗಿ, ಬೀಗ ಹಾಕಿದಾಕಿ ತಾಯೀನೇ. ತಾನು ಬರೋದ್ರಾಗ ಕೂಸು ಅಂಬೆಗಾಲಿಟ್ಕೊಂಡು ಬಾವಿ ಕಡೆ ಹೋದೀತು ಅಂತ ಹಾಕಿದ್ಲು. ಬೆಂಕಿ ಬಿದ್ದೀತು ಅಂತ ಆಕಿಗೆ ಗೊತ್ತಿರ್ಲಿಲ್ಲ. ಕೂಸು ಸತ್ತುಹೋತು.”

ಜಗದಾಂಬ ಪರದೆಯ ಹತ್ತಿರ ಬಂದು ಆ ಹೆಂಗಸನ್ನೇ ಬಹಳ ಹೊತ್ತು ನೋಡಿದಳು. “ಅಯ್ಯೋ ತಾಯೀ, ಕಾಯೋಕೇಂತ ಹಾಕಿದ್ದಲ್ವೇನೇ ನೀನು,” ಎಂದವಳೇ ಬಿಕ್ಕಿದಳು. ಆಮೇಲೆ ತೋಟಪ್ಪನವರ ಕಡೆ ತಿರುಗಿ, “ನಾನೂ ಬೆಳಿಗ್ಗೆ ಬಸ್ಸಿದೆಯಲ್ಲಾ ಅಂದ್ಕೊಂಡೆ, ಮೇಷ್ಟ್ರೇ.”

“ಹೌದು ತಂಗಿ. ಅಂದ್ಕೊಂಡಿ,” ಎಂದರು ತೋಟಪ್ಪನವರು. ಅಷ್ಟೇ ಅಂದದ್ದು, ಆಮೇಲೆ ಅವರೂ ಅತ್ತರು. ಕೆಳಗೆ ಉಳವಿಯ ಬಸ್ಸು ಹಾರನ್ ಹೊಡೆಯುತ್ತಿತ್ತು. ಅಲ್ಲೇ ಕೇಳುತ್ತ ಕೂತಿದ್ದ ಸದಾಶಿವಪ್ಪ ಸದ್ದಿಲ್ಲದೆ ಇಳಿದುಹೋಗಿ ಕಂಡಕ್ಟರಿಗೆ ಹೇಳಿ ಅದನ್ನು ನಿಲ್ಲಿಸಿಕೊಂಡರು.

ಸೋಮವಾರ ಜಗದಾಂಬ ಟೈಪ್‌ರೈಟರಿನ ಹೊದಿಕೆ ತೆಗೆಯುವ ಮೊದಲೇ ಮಗನ ಮಾತು ತೆಗೆದಳು. ಏನು ತಿನ್ನುತ್ತಿದ್ದ, ಯಾವುದಕ್ಕೆ ರಚ್ಚೆ ಹಿಡಿಯುತ್ತಿದ್ದ, ಹೇಗೆ ನಗುತ್ತಿದ್ದ. ತೋಟಪ್ಪನವರು ಆಟ ಹಾಕದೆ ಕೇಳುತ್ತ ಕೂತರು.

ಓದಿ ಹೇಳುವವರ ಕುಲವೇ ಒಂದು ಬಗೆಯದು. ಕಥೆಗೂ ಕೇಳುವವರಿಗೂ ನಡುವೆ ನಿಂತು, ಕಿಡಿ ಹಾರಿದರೆ ತಮ್ಮ ಅಂಗೈ ಅಡ್ಡ ಹಿಡಿಯುತ್ತಾರೆ. ಆ ಕರುಣೆಯನ್ನು ಸಣ್ಣದೆನ್ನುವ ಧೈರ್ಯ ಯಾರಿಗಿದೆ? ಆದರೂ ಕತ್ತಲ ಕೋಣೆಯನ್ನು ನೋಡಿಯೇ ತೀರುತ್ತೇನೆಂದು ಒಂದು ಜೀವ ಹಟ ಹಿಡಿದ ದಿನ, ಕದ ತೆರೆದುಕೊಟ್ಟು, ಹೆದರುತ್ತಲೇ ತಾವೂ ಆ ಜೀವದ ಹಿಂದೆ ಒಳಗೆ ಕಾಲಿಡುವವರು ಇರುತ್ತಾರಲ್ಲ, ಅಂಥವರು ಊರಿಗೊಬ್ಬರಿದ್ದರೂ ಸಾಕು, ಮಕ್ಕಳನ್ನು ಕಳೆದುಕೊಂಡ ಹೆತ್ತವರು ಹೇಗೋ ಬದುಕಿಕೊಳ್ಳುತ್ತಾರೆ.