ಇದ್ದಲ ಕಿಂಡಿ

ಬಾತ್ ಊರಿನ ಆ ಬೀದಿಯಲ್ಲಿ ಮೂವತ್ತು ಮನೆಗಳು ಗೋಡೆಗೆ ಗೋಡೆ ಅಂಟಿಸಿಕೊಂಡು ನಿಂತಿದ್ದವು. ಅವುಗಳಲ್ಲೊಂದರ ಅಡುಗೆಯಾಳು ಟಾಮ್ಸಿನ್ ಪಾಲಿಗೆ ಬಂದದ್ದು ನೆಲದಡಿಯ ಅಡುಗೆಮನೆ, ಪಕ್ಕದಲ್ಲಿ ಬೀದಿಯ ಕೆಳಗಿನ ಇದ್ದಲಗೂಡು. ಗೂಡಿನ ಸೂರಿನಲ್ಲೊಂದು, ಮೇಲೆ ಬೀದಿಗೆ ತೆರೆಯುವ, ತಟ್ಟೆಯಗಲದ ಕಿಂಡಿ. ಏಳು ವರ್ಷದಿಂದ ಪ್ರತಿ ಗುರುವಾರ ಇದ್ದಲು ಗಾಡಿಯ ಜೇಬೆಜ್ ಅದರಿಂದ ಇದ್ದಲು ಸುರಿಯುತ್ತಿದ್ದ, ಜೊತೆಗೆ ಬೆಟ್ಟದಷ್ಟು ಮಾತು. ಅವಳು ಒಲೆ ಬಿಟ್ಟು ಕದಲುವಂತಿರಲಿಲ್ಲ. ತಲೆಯೆತ್ತಿದರೆ ಕಣ್ತುಂಬ ಮಸಿ. ಹೀಗಾಗಿ ಅವನ ಮುಖ ಒಮ್ಮೆಯೂ ಕಂಡಿರಲಿಲ್ಲ.

"ಇವತ್ತೇ ಕೊನೆ ಕಣೇ. ನಾಳೆಯಿಂದ ಬ್ರಿಸ್ಟಲ್‌ನಲ್ಲಿ ಕೆಲಸ," ಎಂದ ಒಂದು ಗುರುವಾರ ಮೇಲಿನಿಂದ.

ಟಾಮ್ಸಿನ್ ಸೌಟು ಎಸೆದು ಒಳಮೆಟ್ಟಿಲು ಹತ್ತಿ ಓಡಿದಳು. ಆಳುಗಳು ಮುಟ್ಟಬಾರದ ಮುಂಬಾಗಿಲನ್ನೇ ತೆರೆದು ಬೀದಿಗೆ ಬಂದಳು. ಕುದುರೆಗಾಡಿ ಇತ್ತು, ಅವನಿರಲಿಲ್ಲ.

"ಎಲ್ಲಿ ಸತ್ತ್ಯೋ, ಕರಿಮೂತಿ?"

"ನಿನ್ನ ಮೋರೆ ನೋಡೋಣಾಂತ ಬೀದಿಯಿಂದ ಹೊರಮೆಟ್ಲಿಳಿದು ಕೆಳಗೆ ಬಂದ್ನಲ್ಲೇ, ಮಾರಾಯ್ತಿ!" ದನಿ ಅವಳ ಕಾಲಡಿಯ ಕಿಂಡಿಯೊಳಗಿನಿಂದ ಬಂತು.

"ಅಲ್ಲೇ ಇರು, ಬಂದೆ!"

"ಬೇಡ, ನೀ ಕದಲ್ಬೇಡ! ಮತ್ತೆ ಒಬ್ರಿಗೊಬ್ರು ತಪ್ಪಿಹೋಗ್ತೀವಿ."

ತಾನೇ ಸುರಿದ ಇದ್ದಲ ರಾಶಿ ಹತ್ತಿ ಅವನು ಕಿಂಡಿಗೆ ಮುಖವಿಟ್ಟ. ಅವಳು ಕಲ್ಲುಹಾಸಿನ ಮೇಲೆ ಮಂಡಿಯೂರಿ ಬಗ್ಗಿದಳು. ಅವಳ ತಲೆಯೇ ಬೆಳಕಿಗೆ ಅಡ್ಡವಾಯಿತು.

"ಏನೂ ಕಾಣ್ತಿಲ್ವೋ."

"ನಂಗೂ ಇಲ್ಲ. ಕೈಯಾದ್ರೂ ಕೊಡು."

ಅವಳು ಕಿಂಡಿಯೊಳಗೆ ಕೈ ಇಳಿಬಿಟ್ಟಳು, ಅವನು ಹಿಡಿದುಕೊಂಡ. ಗಾಡಿಯ ಕುದುರೆ ಎರಡು ಸಲ ಕೆನೆಯಿತು, ಮನೆಯೊಡತಿ ಬಾಗಿಲಿಗೆ ಬಂದು ಕಿರುಚಿದಳು. ಇಬ್ಬರೂ ಕೈ ಬಿಡಲಿಲ್ಲ.