ಮೊಲಕ್ಕೆ ಎಲೆಕೋಸು ಹಾಕಿದವರು

ಆ ಶಿಶುವಿಹಾರದಲ್ಲಿ ದೊಡ್ಡ ಟೀಚರಿಗೆ ಎದುರಾಡುವವರೇ ಇರಲಿಲ್ಲ. ಎಂಥ ಅಳುಬುರುಕ ಮಗುವನ್ನೂ ಒಂದು ಹಾಡಿನಲ್ಲಿ ನಗಿಸಿಬಿಡುವವರು. ಅಂಥವರಿಗೂ ಕಿಟಕಿ ಪಕ್ಕ ಕೂರುವ ಪುಟ್ಟಿ ಮಾತ್ರ ಬಗ್ಗಿರಲಿಲ್ಲ. ಮನೆಯಲ್ಲಿ ಅರಳು ಹುರಿದ ಹಾಗೆ ಮಾತಾಡುತ್ತಾಳಂತೆ; ಶಾಲೆಗೆ ಬಂದರೆ ತುಟಿಪಿಟಕ್ಕೆನ್ನಳು. ದೊಡ್ಡ ಟೀಚರು ಬೊಂಬೆ ಆಡಿಸಿದರು, ಮುದ್ದಿಸಿದರು, ಗದರಿಯೂ ನೋಡಿದರು. ಊಹೂಂ. ಅವಳು ಬಾಯಿ ಬಿಟ್ಟ ದಿನ ಮೊದಲ ಮಾತು ತಮಗೇ ಹೇಳಬೇಕು, ಇದೊಂದೇ ಅವರ ಹಟ.

ಅಷ್ಟರಲ್ಲಿ ಬಂದಳಲ್ಲ ಮಹಾರಾಯ್ತಿ, ಹೊಸ ಟೀಚರ್! ಕೈಯಲ್ಲೊಂದು ಬುಟ್ಟಿ, ಬುಟ್ಟಿಯಲ್ಲೊಂದು ಬೂದು ಮೊಲ. ಮಕ್ಕಳನ್ನೆಲ್ಲ ಹಿತ್ತಿಲ ಹುಲ್ಲಿನ ಮೇಲೆ ಕೂರಿಸಿ, "ಯಾರೂ ಹಿಡಿಯೋಕೆ ಹೋಗ್ಬೇಡಿ. ಕೈ ಚಾಚಿ ಸುಮ್ನೆ ಕೂತಿರಿ. ಇಷ್ಟ ಆದವ್ರ ಹತ್ರ ಅದೇ ಬರುತ್ತೆ," ಅಂದಳು.

ಸುಮ್ಮನೆ ಕೂರುವುದರಲ್ಲಿ ಪುಟ್ಟಿಯನ್ನು ಮೀರಿಸುವವರುಂಟೇ? ಮೊಲ ಸೀದಾ ಅವಳ ಮಡಿಲೇರಿತು. ಅದರ ಕಿವಿಯ ಹತ್ತಿರ ಅವಳ ತುಟಿ ಅಲ್ಲಾಡಿದ್ದನ್ನು ದೊಡ್ಡ ಟೀಚರು ಕಿಟಕಿಯಿಂದ ಕಣ್ಣಾರೆ ಕಂಡರು. ಹೊಟ್ಟೆಗೆ ಬೆಂಕಿ ಬಿತ್ತು. ಇಷ್ಟು ದಿನ ಗಂಟಲು ಹರಿದುಕೊಂಡವರು ತಾವು. ಗುಟ್ಟು ಹೇಳುವುದು ಆ ಉದ್ದಗಿವಿಗೆ!

"ಇನ್ನೇನು ಅಕ್ಕಾ, ಇವತ್ತೋ ನಾಳೆಯೋ ಮಾತಾಡ್ತಾಳೆ," ಅಂದಳು ಹೊಸ ಟೀಚರ್.

"ಆಡ್ಲಿ ಬಿಡಮ್ಮ. ನಾವೆಲ್ಲ ಇಷ್ಟು ವರ್ಷ ಕಡ್ಲೆಕಾಯಿ ತಿಂತಾ ಕೂತಿದ್ವಿ," ಎಂದರು ದೊಡ್ಡ ಟೀಚರು.

ಮೊಲವನ್ನೇ ಒಲಿಸಿಕೊಂಡರೆ ಪುಟ್ಟಿ ತಾನಾಗಿ ಹಿಂದೆ ಬರುತ್ತಾಳೆ ಎಂದು ಅವರು ಲೆಕ್ಕ ಹಾಕಿದರು. ಮೊಲದ ಗೂಡಿನ ಮೇಲೆ ಹೊಸ ಟೀಚರ್ ಅಂಟಿಸಿದ 'ಹುಲ್ಲು ಮಾತ್ರ' ಎಂಬ ಚೀಟಿ ಇತ್ತು. ಅದೆಲ್ಲ ಆ ಹುಡುಗಿಯ ಬಿಂಕ ಎಂದುಕೊಂಡು, ಮನೆಗೆಂದು ಕೊಂಡಿದ್ದ ಎಲೆಕೋಸನ್ನು ಬಿಡುವಿನ ಹೊತ್ತಿನಲ್ಲಿ ಬಿಡಿಸಿ ಬಿಡಿಸಿ ತಿನ್ನಿಸಿದರು. ಹೊಟ್ಟೆಬಾಕ ಮೊಲ ಅವರ ಮಂಡಿಗೇ ಒರಗಿ ತಿಂದಿತು. ಬಾಗಿಲಲ್ಲಿ ಪುಟ್ಟಿ ನಿಂತಿದ್ದಳು.

"ನೋಡೇ ಪುಟ್ಟಿ, ನನ್ನ ಹತ್ರಾನೂ ಬರುತ್ತೆ! ಬಾ!"

ಪುಟ್ಟಿ ಬರಲಿಲ್ಲ.

ಮರುದಿನ ಬೆಳಿಗ್ಗೆ ಮೊಲ ಹೊಟ್ಟೆ ಉಬ್ಬಿಸಿಕೊಂಡು ಮೂಲೆಯಲ್ಲಿ ಮುದುರಿತ್ತು. ಮಕ್ಕಳೆಲ್ಲ ಗೊಳೋ ಎಂದವು. ಪ್ರಾಣಿಗಳ ಡಾಕ್ಟರು ಬಂದು ಔಷಧಿ ಕುಡಿಸಿ, "ಉಳ್ಕೊಳ್ಳುತ್ತೆ, ಹೆದರ್ಬೇಡಿ," ಎಂದರು. ಆಮೇಲೆ ಗೂಡಿನಿಂದ ಒಂದು ಚೂರು ಎಲೆಕೋಸು ಹೆಕ್ಕಿ ತೋರಿಸಿದರು. "ಇದ್ರಿಂದಾನೇ ಗ್ಯಾಸ್ ಆಗಿರೋದು."

ಹೊಸ ಟೀಚರ್ ಮಕ್ಕಳತ್ತ ನೋಡಿದಳು. ದೊಡ್ಡ ಟೀಚರು ತಾವೇ ಮುಂದೆ ನುಗ್ಗಿ, ಎಲ್ಲರಿಗಿಂತ ದೊಡ್ಡ ದನಿ ತೆಗೆದರು: "ಯಾರದು ಹಾಕಿದ್ದು? ಹೇಳಿ ಮತ್ತೆ! ಯಾರು?"

"ನೀವೇ."

ಎಲ್ಲರೂ ತಿರುಗಿ ನೋಡಿದರು. ಪುಟ್ಟಿ!

"ನೀವೇ ಹಾಕಿದ್ರಿ. ಪಾಪ, ಅದಕ್ಕೆ ಹೊಟ್ಟೆನೋವು."

ಮಾನ ಹೋದದ್ದು ದೊಡ್ಡ ಟೀಚರಿಗೆ ಆಮೇಲೆ ತಿಳಿಯಿತು. ಮೊದಲು ಕಣ್ಣು ತುಂಬಿತು. ಅಲ್ಲೇ ಮಂಡಿಯೂರಿದರು.

"ಹೌದಮ್ಮ, ನಾನೇ. ತಪ್ಪಾಯ್ತು. ಇನ್ನೊಂದ್ಸಲ ಹೇಳು."

"ನೀವೇ!" ಪುಟ್ಟಿ ಈ ಸಲ ಕಿರುಚಿಯೇಬಿಟ್ಟಳು.

ದೊಡ್ಡ ಟೀಚರು ಮೂಗೊರೆಸಿಕೊಂಡು ಹೊಸ ಟೀಚರ ಕಡೆ ತಿರುಗಿದರು. "ಕೇಳಿಸ್ಕೊಂಡ್ಯಾ? ನನಗೇ ಹೇಳಿದ್ದು."