ಎರಡನೇ ಸಲ ಬಾರದ ಅಳು

ಮುಂದಿನ ಸಾಲಿನವಳ ತುರುಬಿನಿಂದ ಒಂದು ಪಿನ್ನು ಅರ್ಧ ಹೊರಗೆ ಬಂದಿದೆ, ಈಗ ಬಿದ್ದೀತು ಆಗ ಬಿದ್ದೀತು ಎಂದು ಅದನ್ನೇ ನೋಡುತ್ತ ಕೂತಿದ್ದೇನೆ, ವೇದಿಕೆಯ ಮೇಲೆ ಏನು ನಡೆಯುತ್ತಿದೆ ಎಂದು ಕೇಳಿದರೆ ಹಾಡು, ಮತ್ತೆ ಹಾಡು, ಅಂಬಿಗ ಹುಟ್ಟು ಹಾಕುವುದಕ್ಕೂ ಹಾಡು, ಅಕ್ಕ ತಂಗಿಗೆ ಜಡೆ ಹೆಣೆಯುವುದಕ್ಕೂ ಹಾಡು, ಈ ನಾಟಕಕ್ಕೆ ಮೂಲವಾದ ಹಳೇ ಸಿನಿಮಾದಲ್ಲಿ ಅಲ್ಲಿ ಬಾಚಣಿಗೆಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ, ಇಲ್ಲಿ ಒಂದು ದಂಡು ಹೆಂಗಸರು ಬಾಚಣಿಗೆ ಹಿಡಿದು ಕುಣಿಯುತ್ತಿದ್ದಾರೆ— ಒಳ್ಳೇ ಸಿನಿಮಾನ ಕೆಡಿಸಿಟ್ರಲ್ಲಪ್ಪ, ಹಿಂದಿನ ಸಾಲಿನಿಂದ ಗೊಣಗು, ಪರದೆ ಏಳುವ ಮೊದಲೇ ಶುರುವಾದದ್ದು ಇನ್ನೂ ನಿಂತಿಲ್ಲ, ಆತನಿಗೆ ನಾನು ಮನಸ್ಸಿನಲ್ಲೇ ಖಂಡನಾ ಸಮಿತಿಯ ಅಧ್ಯಕ್ಷರು ಎಂದು ಹೆಸರಿಟ್ಟಾಗಿದೆ, ಮೆಲ್ಲಗೆ ಮಾತಾಡ್ರೀ ಎಂದು ಹೆಂಡತಿ ತಿವಿಯುತ್ತಾಳೆ, ಅಧ್ಯಕ್ಷರು ಮೆಲ್ಲಗೆ ಮಾತಾಡುವ ಜಾತಿಯವರಲ್ಲ, ರೀಮೇಕ್ ಬಂದಾಗ್ಲೇ ನನಗೆ ನಂಬಿಕೆ ಹೋಯ್ತು ಕಣೇ, ಆ ಮಗು ಕಣ್ಣಿಗೆ ಗ್ಲಿಸರಿನ್ ಹಾಕಿದ್ದು ಕೊನೇ ಸೀಟಿಗೂ ಕಾಣ್ತಿತ್ತು, ಈಗ ಇವರು ಬೇರೆ, ನೋಡ್ತಿರು, ದೋಣಿ ಸೀನಲ್ಲೂ ಕುಣಿಸ್ತಾರೆ, ಆ ಹಳೇ ಮಗು ಅತ್ತಿತ್ತಲ್ಲ, ಅದು ಅಳು ಅಂದ್ರೆ, ಅದನ್ನ ಇನ್ನೊಂದ್ಸಲ ತರೋಕೆ ಯಾರಿಂದಾನೂ ಆಗಲ್ಲ. ಆ ಹಳೇ ಮಗು ನಾನೇ. ತಿರುಗಿ ಹೇಳಲಿಲ್ಲ, ಯಾವತ್ತೂ ಯಾರಿಗೂ ಹೇಳುವುದಿಲ್ಲ, ಆ ಮುಖ ಈಗ ನನ್ನ ಮುಖದಲ್ಲಿ ಎಲ್ಲೂ ಉಳಿದಿಲ್ಲ, ಹಲ್ಲಿನ ಡಾಕ್ಟರಮ್ಮ ಎಂದರೆ ಬೀದಿಗೆಲ್ಲ ಗೊತ್ತು, ಅಷ್ಟು ಸಾಕು. ನಾಟಕದವರು ಗೌರವಕ್ಕೆಂದು ಎರಡು ಟಿಕೆಟ್ ಕಳಿಸಿದರು, ನಾನು ಡ್ರಾಯರಿಗೆ ಹಾಕಿದ್ದೆ, ಅಮ್ಮ ತೆಗೆದಳು, ಹೋಗೋಣ ಪುಟ್ಟಿ, ಬೇಕಾದ್ರೆ ಹೀಗಳೆಯೋಕಾದ್ರೂ ಹೋಗೋಣ ಅಂದಳು, ಈಗ ಪಕ್ಕದಲ್ಲಿ ಕೂತು ತಾಳ ಹಾಕುತ್ತಿದ್ದಾಳೆ, ಕೂತಲ್ಲಿ ಕಾಲು ಊದುತ್ತದೆ ಎಂದು ಚಪ್ಪಲಿ ಬಿಚ್ಚಿಟ್ಟಿದ್ದಾಳೆ, ಅವು ಸೀಟಿನ ಕೆಳಗೆ ಎಲ್ಲಿ ಸರಿದಿವೆಯೋ.

ದೋಣಿ ಸೀನು. ಇನ್ನೂ ಬಂದಿಲ್ಲ, ಎಲ್ಲರೂ ಅದಕ್ಕೇ ಬಂದಿರುವುದು, ಹಾಳಾಗುವುದನ್ನು ಕಣ್ಣಾರೆ ನೋಡಲಿಕ್ಕೆ, ನಾನೂ ಅದಕ್ಕೇ, ನನಗೂ ಅದು ಹಾಳಾಗಬೇಕು, ಯಾಕೆಂದರೆ ಚೆನ್ನಾಗಿ ಬಂದುಬಿಟ್ಟರೆ— ಇರಲಿ. ಶೂಟಿಂಗಿನ ಆ ದಿನ ಏಳು ವರ್ಷದವಳು ನಾನು, ದಡದ ಮೆಟ್ಟಿಲು, ಹಗಲೆಲ್ಲ ಬಿಸಿಲು ಕುಡಿದ ಕಲ್ಲು, ಅಕ್ಕನ ಪಾತ್ರದವಳನ್ನು ದೋಣಿಯಲ್ಲಿ ಕೂರಿಸಿ ದೂರದ ಯಾರದೋ ಮನೆಗೆ ಕೆಲಸಕ್ಕೆ ಕರೆದೊಯ್ಯುತ್ತಾರೆ, ತಂಗಿ ನಿಂತು ಅಳಬೇಕು, ಅಷ್ಟೇ, ಆದರೆ ಅಂಬಿಗನಿಗೆ ಅಂಟಿಸಿದ ಮೀಸೆಯ ಒಂದು ತುದಿ ಗಾಳಿಗೆ ಎದ್ದೆದ್ದು ಕೂರುತ್ತಿತ್ತು, ನನಗೆ ನಗು, ಮತ್ತೊಂದು ಸಲ ಎನ್ನುತ್ತಾರೆ, ಮತ್ತೆ ನಗು, ಕ್ಯಾಮೆರಾದವರು ಆಕಾಶ ನೋಡುತ್ತಿದ್ದಾರೆ, ಬೆಳಕು ಇಳಿಯುತ್ತಿದೆ, ನಿರ್ದೇಶಕರು ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕೂತಿದ್ದಾರೆ, ಅಮ್ಮ ಎಲ್ಲಿ ಎಂದು ನೋಡಿದೆ, ಅಮ್ಮ ಇಲ್ಲ, ಆಗ ಸಹಾಯಕ ಇಳಿದು ಬಂದ, ಕೈಯಲ್ಲಿ ಚಪ್ಪಲಿ, ಒಂದೇ, ಹಸಿರು ಪಟ್ಟಿಯದು, ನೀರು ತೊಟ್ಟಿಕ್ಕುತ್ತಿದೆ, ಪುಟ್ಟಿ, ನಿಮ್ಮಮ್ಮ ಕಾಲು ತೊಳೆಯೋಕೆ ಆ ಕಡೆ ಇಳಿದಿದ್ರು, ಜಾರಿಬಿಟ್ರು, ಇದೊಂದೇ ಸಿಕ್ತು. ಆಮೇಲಿನದು ಎಲ್ಲರೂ ನೋಡಿದ್ದೇ. ಪರದೆಯ ಅಗಲ ತುಂಬಿದ ಬಾಯಿ, ಬಿದ್ದುಹೋದ ಹಾಲುಹಲ್ಲಿನ ಜಾಗ, ಅಕ್ಕಾ ಎನ್ನಬೇಕಾದಲ್ಲಿ ಅಮ್ಮಾ ಎಂದಿದ್ದೆ, ಆಮೇಲೆ ಆ ದನಿಯನ್ನು ಬದಲಿಸಿ ಕೂರಿಸಿದರು, ತುಟಿ ನೋಡಿದರೆ ಇವತ್ತಿಗೂ ಗೊತ್ತಾಗುತ್ತದೆ, ಯಾರೂ ತುಟಿ ನೋಡುವುದಿಲ್ಲ. ಸಾಕು ಸಾಕು ಎಂದು ಯಾರೋ ಕೂಗಿದರು, ಅಮ್ಮ ಓಡಿ ಬಂದು ಎತ್ತಿಕೊಂಡಳು, ಪಾಪಿಗಳು, ಟೀ ಕುಡಿದು ಬನ್ನಿ ಅಂತ ನನ್ನನ್ನ ಆಚೆ ಕಳಿಸಿ ಹೀಗೆ ಮಾಡಿದಾರೆ, ನಾನಿದ್ದಿದ್ರೆ ಬಿಡ್ತಿದ್ನಾ, ನಾನಿದ್ದಿದ್ರೆ ಬಿಡ್ತಿದ್ನಾ, ಈ ಮಾತನ್ನು ಎಷ್ಟು ವರ್ಷ ಕೇಳಿದೆ, ಜ್ವರ ಬಂದಾಗ, ಅವಳಿಗೆ ಸ್ನಾನದ ಮನೆ ಬಾಗಿಲು ಹಾಕಿಕೊಳ್ಳಲು ಬಿಡದೆ, ಒಳಗಿದ್ದಾಳೆಯೇ ಎಂದು ನಾನು ಮತ್ತೆ ಮತ್ತೆ ಇಣುಕುತ್ತಿದ್ದಾಗ, ನಾನಿದ್ದಿದ್ರೆ ಬಿಡ್ತಿದ್ನಾ ಪುಟ್ಟಿ. ನಾನು ಮಕ್ಕಳಿಗೆ ಸುಳ್ಳು ಹೇಳುವುದಿಲ್ಲ, ಕುರ್ಚಿಯಲ್ಲಿ ಕೂರಿಸಿ, ನೋವಾಗುತ್ತೆ, ಸ್ವಲ್ಪ ಹೊತ್ತು, ಆಮೇಲೆ ಹೋಗುತ್ತೆ ಎಂದು ಹೇಳಿಯೇ ಸೂಜಿ ತೆಗೆಯುತ್ತೇನೆ, ನೀನು ಹಿಂಗೇ ಹೇಳ್ತಿದ್ರೆ ಯಾವ ಮಗು ಬರುತ್ತೆ ಎಂದು ಅಮ್ಮ ರೇಗಿಸುತ್ತಾಳೆ, ಬರುತ್ತವೆ, ನೋವಾಗಲ್ಲ ಎನ್ನುವವರ ಹತ್ತಿರ ಒಂದು ಸಲ ಹೋಗಿ ಬಂದ ಮಕ್ಕಳೆಲ್ಲ ನನ್ನ ಹತ್ತಿರವೇ ಬರುತ್ತವೆ.

ನಿರ್ದೇಶಕರೂ ಒಂದು ಸಲ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ತುಂಬ ವಯಸ್ಸಾಗಿತ್ತು, ಒಂದು ಕಡೆಯ ಕೆನ್ನೆ ಊದಿ ಕಣ್ಣು ಮುಚ್ಚಿಹೋಗಿತ್ತು, ಬಾಗಿಲ ಸಂದಿಯಿಂದ ನೋಡಿದೆ, ಬೆಂಚಿನ ತುದಿಯಲ್ಲಿ ಕೂತಿದ್ದರು, ಡಾಕ್ಟರ್ ಇಲ್ಲ ಅನ್ನು ಎಂದು ನನ್ನ ನರ್ಸಿಗೆ ಹೇಳಿದೆ, ಸುಳ್ಳು, ಇರಲಿ, ಅವರು ಮಗುವಲ್ಲವಲ್ಲ. ನರ್ಸು ಬಂದು ಹೇಳಿದಳು, ಇರ್ಲಿ ಬಿಡಮ್ಮ, ಮಗು ಚೆನ್ನಾಗಿದಾಳಲ್ಲ ಅಂತ ಕೇಳಿದ್ರು ಡಾಕ್ಟ್ರೇ, ಹೂಂ ಅಂದೆ, ಹೊರಟೋದ್ರು. ಆ ದಿನ ನನಗೆ ಊಟ ಎಷ್ಟು ರುಚಿಸಿತು, ಅವರು ಮೆಟ್ಟಿಲಿಳಿಯುವಾಗ ದವಡೆ ಹಿಡಿದುಕೊಂಡು ಗೋಡೆಗೆ ಒರಗಿದ್ದು ಕಿಟಕಿಯಿಂದ ಕಂಡಿತು, ಒರಗಲಿ ಎಂದುಕೊಂಡೆ, ಅದೇ ವರ್ಷ ಹೋಗಿಬಿಟ್ಟರು, ಪೇಪರಿನಲ್ಲಿ ಆ ದೋಣಿಯ ಚಿತ್ರವನ್ನೇ ಹಾಕಿದ್ದರು, ನನ್ನ ಬಾಯಿ, ನಾನು ಪುಟ ಮಗುಚಿದೆ— ಚಪ್ಪಾಳೆ, ಏನಾಯಿತು, ದೀಪ ಹತ್ತಿತು, ಮಧ್ಯಂತರ.

ದೀಪ ಹತ್ತಿದರೆ ಅಧ್ಯಕ್ಷರು ಸಣ್ಣ ಆಳು, ಕಂಠಕ್ಕೆ ಸರಿಯಾದ ಮೈಯಿಲ್ಲ, ಅಮ್ಮ ಪೂರಾ ಹಿಂದಕ್ಕೆ ತಿರುಗಿ ಕಾಗದದ ಲೋಟದಲ್ಲಿ ಕಾಫಿ ಹಿಡಿದು ಅವರ ಜೊತೆ ಮಾತಿಗಿಳಿದಿದ್ದಾಳೆ, ನೀವು ಹೇಳಿದ್ದು ಸರಿ ನೋಡಿ, ಆ ಅಳು ಇನ್ನೊಂದ್ಸಲ ಬರಲ್ಲ, ಯಾಕಂದ್ರೆ ಅಳಿಸಿದ್ದು ಹಾಗಿತ್ತು, ಅಮ್ಮ, ಬೇಡ ಎಂದು ಅವಳ ಮೊಣಕೈ ಮುಟ್ಟಿದೆ, ಇರೇ, ಹೇಳಿದ್ರೆ ಏನೀಗ, ಆ ಮಗು ಇವಳೇ. ಅಧ್ಯಕ್ಷರು ಎದ್ದೇ ನಿಂತರು, ಹೆಂಡತಿ ನನ್ನ ಕೈ ಹಿಡಿದಳು, ನಮ್ಮಮ್ಮ ಸಾಯೋವರೆಗೂ ನಿಮ್ಮ ಅಳು ನೆನೆಸ್ಕೊಂಡು ಅಳ್ತಿದ್ರು ಎಂದಳು, ಹಲ್ಲು ತೋರಿಸಿದೆ. ಅಲ್ಲಮ್ಮ, ಆ ಅಳು ಹೇಗೆ ತರಿಸಿದ್ರು ಅಂತ, ಅಧ್ಯಕ್ಷರು ಅಮ್ಮನ ಕಡೆ ಬಾಗಿದರು. ಅಮ್ಮ ಒಂದು ಗುಟುಕು ಕುಡಿದಳು, ಬಾಯಿ ಒರೆಸಿಕೊಂಡಳು, ನಾನೇ ಹೇಳಿಕೊಟ್ಟೆ ಸ್ವಾಮಿ. ಇವಳು ನಗ್ತಾನೇ ಇದ್ಲು, ಅವರು ಆಗ್ಲೇ ಇನ್ನೊಂದು ಮಗೂಗೆ ಅದೇ ಲಂಗ ತೊಡಿಸಿ ತಯಾರಿ ಇಟ್ಟಿದ್ರು, ನನ್ನ ಮಗಳ ಪಾತ್ರ ಕೈ ಬಿಟ್ಟುಹೋಗುತ್ತಲ್ಲ ಅಂತ ನನಗೆ ಎದೆ ಹೊಡ್ಕೊಳ್ತಿತ್ತು, ನಿರ್ದೇಶಕರಿಗೆ ಅಂದೆ, ಅವಳಿಗೆ ಅಮ್ಮ ಹೋದ್ಲು ಅಂತ ಹೇಳಿ, ಅಳ್ತಾಳೆ. ಅವರು ಪಾಪ ಬೇಡ ಬೇಡ ಅಂದ್ರು, ಮಗು ಅದು, ನಾಳೆ ತೆಗೆಯೋಣ ಅಂದ್ರು, ನಾಳೆ ಅಂದ್ರೆ ಆ ಇನ್ನೊಂದು ಮಗು, ನನಗೆ ಗೊತ್ತಿಲ್ವಾ, ನಾನೇ ಚಪ್ಪಲಿ ಬಿಚ್ಚಿ ನೀರಲ್ಲಿ ಅದ್ದಿ ಸಹಾಯಕನ ಕೈಗೆ ಕೊಟ್ಟೆ. ಆಮೇಲೆ ಬೆಳಕು ಹಾಯಿಸೋ ಬಿಳೀ ಬೋರ್ಡ್ ಇರುತ್ತಲ್ಲ, ಅದರ ಹಿಂದೆ ನಿಂತ್ಕೊಂಡೆ, ಕಲ್ಲು ಕಾದು ಸುಡ್ತಿತ್ತು, ಒಂದು ಕಾಲ ಮೇಲೆ ಇನ್ನೊಂದು ಕಾಲಿಟ್ಕೊಂಡು ಕೊಕ್ಕರೆ ಥರ ನಿಂತಿದ್ದೆ, ನಗಬೇಡಿ. ಅಧ್ಯಕ್ಷರು ನಗುತ್ತಿದ್ದಾರೆ, ಭಲೇ ತಾಯಿ ನೀವು ಎನ್ನುತ್ತಿದ್ದಾರೆ, ಅಮ್ಮನೂ ನಗುತ್ತಿದ್ದಾಳೆ, ನನ್ನ ಕಡೆ ತಿರುಗಿ, ನಿನಗೆ ಹೇಳಿದ್ನಲ್ಲ ಪುಟ್ಟಿ ಯಾವಾಗ್ಲೋ, ಹೇಳಿಲ್ವಾ, ಹೇಳಿದ್ದೆ ಅನ್ಸುತ್ತೆ. ದೀಪ ಆರಿತು.

ಹೇಳಿರಲಿಲ್ಲ. ಕತ್ತಲೆಯಲ್ಲಿ ನನ್ನ ಕೈ ಎಲ್ಲಿದೆ ಎಂದು ಗೊತ್ತಾಗುತ್ತಿಲ್ಲ, ಸೀಟಿನ ತೋಳು ಹಿಡಿದಿದ್ದೇನೆ, ಹಿಡಿದದ್ದು ತೋಳೋ ಅಮ್ಮನ ಮಣಿಕಟ್ಟೋ, ಬಿಟ್ಟೆ, ಬೆಚ್ಚಗಿತ್ತು, ಮಣಿಕಟ್ಟೇ. ಹೇಳಿದ್ದೆ ಅನ್ಸುತ್ತೆ ಎಂದಳು, ಗ್ಯಾಸ್ ಆರಿಸಿದ್ದೆ ಅನ್ಸುತ್ತೆ ಎನ್ನುವ ಹಾಗೆ. ವೇದಿಕೆಯಲ್ಲಿ ಏನೋ ಹಾಡು, ಚಪ್ಪಲಿ, ಒಂದೇ, ಹಸಿರು ಪಟ್ಟಿಯದು, ಟೀ ಕುಡಿಯಲು ಹೋದವಳ ಚಪ್ಪಲಿ ಸಹಾಯಕನಿಗೆ ಸಿಕ್ಕಿದ್ದು ಹೇಗೆ, ಇಷ್ಟು ವರ್ಷ ನಾನು ಕೇಳಿಕೊಳ್ಳಲಿಲ್ಲ, ಓದಿದವಳು, ದವಡೆಯ ಎಕ್ಸ್‌ರೇ ನೋಡಿ ಕೂದಲೆಳೆ ಬಿರುಕು ಹಿಡಿಯುವವಳು, ಇದನ್ನು ಕೇಳಿಕೊಳ್ಳಲಿಲ್ಲ, ಓಡಿ ಬಂದು ಎತ್ತಿಕೊಂಡವಳಿಗೆ ಏದುಸಿರೇ ಇರಲಿಲ್ಲ, ಎದೆಗೆ ಕಿವಿ ಇಟ್ಟಿದ್ದೆನಲ್ಲ, ನಿಧಾನ, ಎಷ್ಟು ನಿಧಾನ, ಅಮ್ಮ ಬದುಕಿದ್ದಾಳೆ ಎಂದು ಆ ಸದ್ದನ್ನೇ ಎಣಿಸುತ್ತ ನಿದ್ದೆ ಹೋದೆನಲ್ಲ. ನನ್ನ ಬಾಯಿ ಹರಿಯುವ ಹಾಗೆ ಅಮ್ಮಾ ಎಂದಾಗ ಅವಳು ನಾಲ್ಕು ಮಾರು ಆಚೆ, ಬಿಳಿ ಹಲಗೆಯ ಹಿಂದೆ, ಕೇಳಿಸಿಕೊಳ್ಳುತ್ತಿದ್ದಾಳೆ, ಬರುತ್ತಿಲ್ಲ, ನಾನು ಕೂಗುತ್ತಿದ್ದೇನೆ, ಬರುತ್ತಿಲ್ಲ. ಮತ್ತೆ ಆ ಮುದುಕರು. ಒಂದು ಮಾತು, ಅದು ಮಾಡಿಸಿದ್ದು ನಾನಲ್ಲಮ್ಮ, ನಿನ್ನ ತಾಯಿ ಎಂದು ನರ್ಸಿನ ಕೈಲಿ ಹೇಳಿ ಕಳಿಸಿದ್ದರೆ ಸಾಕಿತ್ತು, ನಾನು ಬಾಗಿಲು ತೆರೆಯುತ್ತಿದ್ದೆ, ಕೀವು ತೆಗೆಯುತ್ತಿದ್ದೆ, ಹೇಳಲಿಲ್ಲ, ಊದಿದ ದವಡೆ ಹಿಡಿದು ಇಳಿದು ಹೋದರು, ನನ್ನಮ್ಮನನ್ನು ನನಗೆ ಉಳಿಸಿಕೊಟ್ಟು ಹೋದರು, ಆ ದಿನದ ಊಟ ನನಗೆ ಎಷ್ಟು ರುಚಿಸಿತು.

ಶ್, ಬಂತು ನೋಡು, ದೋಣಿ ಸೀನು, ಅಮ್ಮ ಪಿಸುಗುಟ್ಟಿದಳು. ಹಾಡು ನಿಂತುಹೋಗಿದೆ. ವಾದ್ಯದವರು ಕೈ ಕೆಳಗಿಟ್ಟಿದ್ದಾರೆ, ಹುಟ್ಟಿನ ಸದ್ದು ಮಾತ್ರ, ಮರದ ಮೆಟ್ಟಿಲ ಮೇಲೆ ಹುಡುಗಿ ನಿಂತಿದ್ದಾಳೆ, ಏಳೋ ಎಂಟೋ ವರ್ಷ, ನಮಗೆ ಬೆನ್ನು ಹಾಕಿ. ಹಿಂದೆ ಅಧ್ಯಕ್ಷರು, ಮುಖಾನೇ ತೋರಿಸಲ್ವಾ, ಮೋಸ ಇದು. ದೋಣಿ ಸರಿಯುತ್ತಿದೆ, ಹುಡುಗಿ ಕೈಯೆತ್ತುತ್ತಾಳೆ, ಬೀಸಲಿಕ್ಕೆ, ಕೈ ಅರ್ಧದಲ್ಲೇ ನಿಲ್ಲುತ್ತದೆ, ಇಳಿಯುತ್ತದೆ, ಹೋಗಿ ಅಕ್ಕ ಹೆಣೆದ ಜಡೆಯ ತುದಿಯನ್ನು ಹಿಡಿದುಕೊಳ್ಳುತ್ತದೆ. ಬಿಡುವುದಿಲ್ಲ. ಅಷ್ಟೇ. ಅಲುಗಾಡುವುದಿಲ್ಲ, ಭುಜ ಕೂಡ ಅದುರುವುದಿಲ್ಲ, ಜಡೆ ಬಿಚ್ಚಿಹೋಗದ ಹಾಗೆ ಹಿಡಿದು ನಿಂತಿದ್ದಾಳೆ, ಹುಟ್ಟಿನ ಸದ್ದು ದೂರವಾಗುತ್ತಿದೆ, ಮುಂದಿನ ಸಾಲಿನವಳ ತುರುಬು ಅಲುಗಿತು, ಪಿನ್ನು ಬಿತ್ತು, ಅವಳು ಅಳುತ್ತಿದ್ದಾಳೆ, ಆಚೆಯವನು ಕನ್ನಡಕ ತೆಗೆದ, ಹಿಂದಿನಿಂದ ಮೂಗು ಸೀಟುವ ಸದ್ದು, ಅಧ್ಯಕ್ಷರದೇ, ಅಷ್ಟು ಜೋರಾಗಿ ಇನ್ಯಾರು ಸೀಟಿಯಾರು, ಇಡೀ ಸಭಾಂಗಣ ಒಂದು ಬೆನ್ನನ್ನು ನೋಡಿಕೊಂಡು ಅಳುತ್ತಿದೆ, ನಾನೂ. ಕತ್ತಲಾಯಿತು, ನಮ್ಮದು ಅಂಚಿನ ಸೀಟು, ವೇದಿಕೆಯ ಪಕ್ಕದ ಸಂದಿ ಕಾಣಿಸುತ್ತದೆ, ಹುಡುಗಿ ಓಡಿ ಬಂದಳು, ಅಲ್ಲೊಬ್ಬ ಹೆಂಗಸು ನೀರಿನ ಬಾಟಲಿ ಹಿಡಿದು ಕಾದಿದ್ದಾಳೆ, ತಾಯಿಯೇ ಇರಬೇಕು, ಹುಡುಗಿ ಅವಳ ಸೊಂಟಕ್ಕೆ ಡಿಕ್ಕಿ ಹೊಡೆದು ತಲೆಯೆತ್ತಿ ಏನೋ ಕೇಳಿದಳು, ನಕ್ಕಳು, ಮುಂದಿನ ಹಲ್ಲೊಂದು ಇಲ್ಲ, ಒಸಡಿನಲ್ಲಿ ಹೊಸದರ ತುದಿ ಇಣುಕುತ್ತಿದೆಯೋ ಏನೋ, ಇಷ್ಟು ದೂರದಿಂದ ಕಾಣುವುದಿಲ್ಲ, ನಗುತ್ತಿದ್ದಾಳೆ, ಕೆನ್ನೆ ಒಣಗಿದೆ, ಯಾರೂ ಅವಳಿಗೆ ಏನನ್ನೂ ಹೇಳಿಲ್ಲ, ಯಾರೂ ಸತ್ತಿಲ್ಲ. ಹಾಗಾದರೆ ಬೇಕಿರಲಿಲ್ಲ. ಮುಖ ತಿರುಗಿಸಿ ನಿಲ್ಲಿಸಿದ್ದರೆ ಆಗುತ್ತಿತ್ತು, ನಗುತ್ತಿದ್ದ ಮಗುವನ್ನು ಬೆನ್ನು ಹಾಕಿ ನಿಲ್ಲಿಸಿ ಜಡೆ ಹಿಡ್ಕೋ ಪುಟ್ಟಿ ಎಂದಿದ್ದರೆ ಸಾಕಾಗುತ್ತಿತ್ತು, ಇಷ್ಟೇ ಜನ ಅಳುತ್ತಿದ್ದರು, ನಾನು ಮೀಸೆ ನೋಡಿ ನಗುತ್ತಲೇ ಮನೆಗೆ ಹೋಗುತ್ತಿದ್ದೆ, ಅಮ್ಮ ಸ್ನಾನದ ಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು, ಬೇಕಿರಲಿಲ್ಲ, ಬೇಕೇ ಇರಲಿಲ್ಲ ಅದು.

ಆಟ ಮುಗಿದಿದೆ, ಯಾವಾಗ ಮುಗಿಯಿತೋ, ಎಲ್ಲರೂ ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ, ಅಧ್ಯಕ್ಷರ ಚಪ್ಪಾಳೆ ಎಲ್ಲರಿಗಿಂತ ಜೋರು, ಪರವಾಗಿಲ್ಲ ಕಣೇ ಎನ್ನುತ್ತಿದ್ದಾರೆ, ಅಮ್ಮನ ಕೆನ್ನೆಯೂ ಒದ್ದೆ, ನನ್ನ ಕಿವಿಗೆ ಬಾಯಿಟ್ಟು, ಅಳಲೇ ಇಲ್ಲ ನೋಡು ಆ ಹುಡುಗಿ, ನಿನ್ನಷ್ಟು ಬರಲಿಲ್ಲ ಬಿಡು, ಹೆಮ್ಮೆ, ಶುದ್ಧ ಹೆಮ್ಮೆ, ಅಲ್ಲಿ ಬೇರೆ ಏನಾದರೂ ಇದೆಯೇ ಎಂದು ಅವಳ ಮುಖ ಹುಡುಕಿದೆ, ಇಲ್ಲ, ಪ್ರೀತಿ ಇದೆ, ಅದಕ್ಕೇ ಹೆದರಿಕೆಯಾಗುತ್ತಿದೆ ನನಗೆ, ಏನು ಕೇಳಲಿ, ಯಾಕಮ್ಮ ಎನ್ನಲೇ, ಕೂಗಿದ್ದು ಕೇಳಿಸಿತಾ ಎನ್ನಲೇ, ಬಾಯಿ ತೆರೆದೆ, ಜನ ಜರುಗುತ್ತಿದ್ದಾರೆ, ಅಮ್ಮ ಬಗ್ಗಿ ಸೀಟಿನ ಕೆಳಗೆ ಒಂದು ಕೈಯಿಂದ ತಡಕುತ್ತಿದ್ದಾಳೆ, ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟುಕೊಂಡು, ನೆಲ ತಣ್ಣಗಿದೆ ಎಂದು, ನನ್ನ ತೋಳು ಹಿಡಿದುಕೊಂಡು, ಪುಟ್ಟಿ, ಇನ್ನೊಂದು ಎಲ್ಲಿ ಹೋಯ್ತು ನೋಡೇ, ಇದೊಂದೇ ಸಿಕ್ತು— ಬಗ್ಗಿದೆ, ಸಿಕ್ಕಿತು, ಹಿಡಿದು ನಿಂತಿದ್ದೇನೆ, ಕೊಡೇ ಎನ್ನುತ್ತಿದ್ದಾಳೆ, ಕೊಡಲು ಕೈ ಚಾಚಲಾಗುತ್ತಿಲ್ಲ, ಕಂದು ಬಣ್ಣದ್ದು, ಒಣಗಿದ್ದು, ನನ್ನ ಕೈಯಲ್ಲಿ ಚಪ್ಪಲಿ, ಒಂದೇ, ಅದರಿಂದ ನೀರು ತೊಟ್ಟಿಕ್ಕುತ್ತದೇನೋ ಎಂದು ನೋಡುತ್ತಿದ್ದೇನೆ, ಚಪ್ಪಲಿ, ಒಂದೇ, ಒಂದೇ